ಗ್ಯಾಸ್ ಗೀಸರ್ ಇ-1, ಇ-3 ಅಂತ ತೋರಿಸಿದರೆ ಏನು ಮಾಡಬೇಕು? ಮನೆಯಲ್ಲೇ ಹಂತ ಹಂತವಾಗಿ ನೋಡುವ ಬಗೆ

ದಾವಣಗೆರೆಯ ನಮ್ಮ ಮನೆಗೆ ಗ್ಯಾಸ್ ಗೀಸರ್ ಹಾಕಿಸಿ ಹನ್ನೊಂದು ವರ್ಷವಾಯಿತು. ಇಷ್ಟು ವರ್ಷದಲ್ಲಿ ನಿಜವಾಗಿ ಪಾರ್ಟ್ ಕೆಟ್ಟು ಬದಲಾಯಿಸಿದ್ದು ಎರಡೇ ಸಲ. ಆದರೆ ಡಿಸ್‌ಪ್ಲೇ ಮೇಲೆ ಇ-1 ಅಂತ ಬಂದು ತಣ್ಣೀರು ಸುರಿದದ್ದು ಎಷ್ಟು ಸಲವೋ, ಲೆಕ್ಕ ಇಟ್ಟಿಲ್ಲ. ಸೆಲ್ ಮುಗಿದಿರುತ್ತದೆ, ಜಾಲರಿಯಲ್ಲಿ ಮಣ್ಣು ಕೂತಿರುತ್ತದೆ, ಗಾಳಿ ಬೀಸಿರುತ್ತದೆ. ಇವನ್ನೆಲ್ಲ ಹತ್ತು ನಿಮಿಷದಲ್ಲಿ ನಾವೇ ಸರಿಮಾಡಿಕೊಳ್ಳಬಹುದು. ಇನ್ನು ಕೆಲವು ಕೋಡ್ ಬಂದಾಗ ಗೀಸರ್ ನಮ್ಮ ಜೀವ ಕಾಯುತ್ತಿರುತ್ತದೆ. ಅಂಥ ಕೋಡ್‌ನ ಬಾಯಿ ಮುಚ್ಚಿಸಲು ಹೋಗಬಾರದು. ಯಾವುದು ಯಾವ ಜಾತಿ ಅಂತ ಗುರುತಿಸುವುದನ್ನೇ ಇಲ್ಲಿ ಬರೆದಿದ್ದೇನೆ.

ನಾನು ಮೆಕ್ಯಾನಿಕ್ ಅಲ್ಲ. ಒಂದು ಸಲ ನಮ್ಮ ಮಾವನವರ ಕೈ ಸುಟ್ಟಿತು. ಅದಾದ ಮೇಲೆ ಹಟ ಹಿಡಿದು ಕಲಿತೆ. ಆ ವಿಷಯ ಮುಂದೆ ಬರುತ್ತದೆ.

ಕೈ ಹಾಕುವ ಮೊದಲು

ಗ್ಯಾಸ್ ವಾಸನೆ ಬಂದರೆ ಕೋಡ್ ಏನಿದೆ ಅಂತ ನೋಡುತ್ತಾ ನಿಲ್ಲಬೇಡಿ. ಎಲ್‌ಪಿಜಿ ಗಾಳಿಗಿಂತ ಭಾರ. ಅದು ಮೇಲೆ ಹೋಗುವುದಿಲ್ಲ, ನೆಲದ ಮೇಲೆ ನೀರಿನ ಹಾಗೆ ಹರಡಿ ಕೂರುತ್ತದೆ. ರೆಗ್ಯುಲೇಟರ್ ಆಫ್ ಮಾಡಿ, ಬಾಗಿಲು ಕಿಟಕಿ ತೆಗೆದು ಹೊರಗೆ ಬನ್ನಿ. ಲೈಟ್, ಫ್ಯಾನ್, ಎಕ್ಸಾಸ್ಟ್ ಯಾವುದರ ಸ್ವಿಚ್ಚನ್ನೂ ಹಾಕಬೇಡಿ, ಆರಿಸಲೂ ಬೇಡಿ. ಹೊರಗೆ ಬಂದ ಮೇಲೆ 1906ಕ್ಕೆ ಫೋನ್ ಮಾಡಿ. ಎಲ್‌ಪಿಜಿ ಸೋರಿಕೆಗೆಂದೇ ಇರುವ ನಂಬರ್ ಅದು.

ಎರಡನೆಯದು ಇನ್ನೂ ಮುಖ್ಯ. ಗ್ಯಾಸ್ ಸರಿಯಾಗಿ ಉರಿಯಲು ಗಾಳಿ ಬೇಕು. ಮುಚ್ಚಿದ ಚಿಕ್ಕ ಬಚ್ಚಲಲ್ಲಿ ಗೀಸರ್ ಉರಿದರೆ ಒಳಗಿನ ಆಮ್ಲಜನಕ ಬೇಗ ಕಡಿಮೆಯಾಗುತ್ತದೆ. ಆಗ ಉರಿ ಅರೆಬರೆಯಾಗಿ ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯೂ ಇಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಜಾಸ್ತಿ ಬಿಗಿಯಾಗಿ ಅಂಟಿಕೊಳ್ಳುತ್ತದೆ. ಸ್ನಾನಕ್ಕೆ ಹೋದವರು ತಲೆ ಸುತ್ತಿ ಒಳಗೇ ಬೀಳುವುದು ಹೀಗೆ. ನಿಮ್ಮ ಗೀಸರ್ ಬಚ್ಚಲ ಒಳಗೇ ಇದ್ದರೆ, ಕೋಡ್ ರಿಪೇರಿಗಿಂತ ಮೊದಲು ಅದನ್ನು ಹೊರಗಿನ ಗೋಡೆಗೆ ಹಾಕಿಸಿ. ಬಿಸಿನೀರಿನ ಪೈಪ್ ಮಾತ್ರ ಒಳಗೆ ಬರಲಿ. ಸ್ನಾನ ಮಾಡುವಾಗ ತಲೆನೋವು, ವಾಕರಿಕೆ, ಕಣ್ಣು ಕತ್ತಲೆ ಬಂದರೆ ತಕ್ಷಣ ಬಾಗಿಲು ತೆಗೆದು ಬಯಲಿಗೆ ಬನ್ನಿ. ಯಾರಾದರೂ ಒಳಗೆ ಬಿದ್ದಿದ್ದರೆ ಬಾಗಿಲು ಒಡೆದು ಗಾಳಿಗೆ ಎಳೆದು ತನ್ನಿ, 108ಕ್ಕೆ ಕರೆ ಮಾಡಿ.

ಇನ್ನು ಕವರ್ ಬಿಚ್ಚುವ ಮುಂಚೆ ಮೂರು ಕೆಲಸ: ರೆಗ್ಯುಲೇಟರ್ ಆಫ್, ಸೆಲ್ ಹೊರಗೆ, ಗೀಸರ್ ಪೂರ್ತಿ ತಣ್ಣಗೆ. ಹತ್ತಿರ ಇಟ್ಟುಕೊಳ್ಳಬೇಕಾದದ್ದು ಜಾಸ್ತಿ ಏನಿಲ್ಲ. ಹೊಸ ಸೆಲ್ ಎರಡು, ಹಳೆ ಟೂತ್‌ಬ್ರಷ್, ಸ್ಕ್ರೂಡ್ರೈವರ್, ಸ್ಪ್ಯಾನರ್, ನುಣುಪಾದ ಸ್ಯಾಂಡ್ ಪೇಪರ್ ಒಂದು ಚೂರು, ಟಾರ್ಚ್, ಒಂದು ಬಟ್ಟಲು ಸೋಪಿನ ನೀರು.

ನಲ್ಲಿ ತಿರುಗಿಸಿದ ಮೇಲೆ ಒಳಗೆ ನಡೆಯುವುದು

ಇದನ್ನು ಒಂದು ಸಲ ಅರ್ಥ ಮಾಡಿಕೊಂಡರೆ ಯಾವ ಕೋಡ್ ಬಂದರೂ ಗಾಬರಿಯಾಗುವುದಿಲ್ಲ.

ಬಿಸಿನೀರಿನ ನಲ್ಲಿ ತಿರುಗಿಸುತ್ತೀರಿ. ತಣ್ಣೀರು ಗೀಸರ್ ಒಳಗೆ ನುಗ್ಗುತ್ತದೆ. ಅದರ ಒತ್ತಡಕ್ಕೆ ಕೆಳಗಿನ ಹಿತ್ತಾಳೆ ಡಬ್ಬಿಯಲ್ಲಿರುವ ರಬ್ಬರ್ ಡಯಾಫ್ರಾಮ್ ಉಬ್ಬಿ ಒಂದು ಪಿನ್ನನ್ನು ತಳ್ಳುತ್ತದೆ. ಪಿನ್ ಸರಿದಾಗ ಮೈಕ್ರೋಸ್ವಿಚ್ ಕೆಲಸ ಶುರು ಮಾಡುತ್ತದೆ. ಆಗ ಸೆಲ್‌ಗಳಿಂದ ಗೀಸರ್ ನಡೆಸುವ ಎಲೆಕ್ಟ್ರಾನಿಕ್ ಬೋರ್ಡಿಗೆ ಕರೆಂಟ್ ಹೋಗುತ್ತದೆ. ಬೋರ್ಡು ಟಿಕ್ ಟಿಕ್ ಟಿಕ್ ಅಂತ ಕಿಡಿ ಹಾರಿಸುತ್ತದೆ, ಜೊತೆಗೆ ಸೊಲೆನಾಯ್ಡ್ ವಾಲ್ವ್, ಅಂದರೆ ಕರೆಂಟ್ ಬಂದಾಗ ತೆರೆಯುವ ವಾಲ್ವ್, ತೆಗೆದು ಗ್ಯಾಸ್ ಬಿಡುತ್ತದೆ. ಬರ್ನರ್ ಭಗ್ ಅಂತ ಹೊತ್ತಿಕೊಳ್ಳುತ್ತದೆ.

ಅಲ್ಲಿಗೆ ಮುಗಿಯಲಿಲ್ಲ. ನಿಜವಾಗಿ ಹೊತ್ತಿತೋ ಇಲ್ಲವೋ ಅಂತ ಬೋರ್ಡಿಗೆ ಗೊತ್ತಾಗಬೇಕು. ಬರ್ನರ್ ಮೇಲೆ ಬಿಳಿ ಪಿಂಗಾಣಿಯಿಂದ ಹೊರಬಂದ ಕಡ್ಡಿಗಳು ಕಾಣುತ್ತವೆ. ಒಂದು ಕಿಡಿ ಹಾರಿಸಲು, ಇನ್ನೊಂದು ಉರಿಯನ್ನು ಗುರುತಿಸಲು. ಉರಿಯ ಮೂಲಕ ತೀರಾ ಸಣ್ಣ ಕರೆಂಟ್ ಹರಿಯಬಲ್ಲದು, ಮೈಕ್ರೋ ಆಂಪಿಯರ್ ಲೆಕ್ಕದಲ್ಲಿ. ಆ ಸೆನ್ಸರ್ ಕಡ್ಡಿ ಉರಿಯೊಳಗೆ ಮುಳುಗಿದ್ದರೆ ಬೋರ್ಡಿಗೆ ಆ ಕರೆಂಟ್ ಸಿಗುತ್ತದೆ, ಗ್ಯಾಸ್ ಬಿಟ್ಟೇ ಇರುತ್ತದೆ. ಕೆಲವು ಸೆಕೆಂಡಿನಲ್ಲಿ ಸಿಗದಿದ್ದರೆ ಗ್ಯಾಸ್ ಮುಚ್ಚಿ ಕೋಡ್ ತೋರಿಸುತ್ತದೆ. ಅಮೆರಿಕದ ಚಳಿ ಊರುಗಳಲ್ಲಿ ಇಡೀ ಮನೆ ಬೆಚ್ಚಗಿಡುವ ಗ್ಯಾಸ್ ಫರ್ನೇಸ್‌ನಲ್ಲೂ ಇಂಥದೇ ಕಡ್ಡಿ ಇರುತ್ತದೆ. ಅಲ್ಲಿ ಬೋರ್ಡಿನ ಚಿಕ್ಕ ದೀಪ ಎಷ್ಟು ಸಲ ಮಿನುಗಿತು ಅಂತ ಎಣಿಸಿ ಕೋಡ್ ಓದುತ್ತಾರೆ. ಯಂತ್ರ ದೊಡ್ಡದು, ಆದರೆ ಉರಿ ಗುರುತಿಸುವ ಉಪಾಯ ಒಂದೇ.

ಅಂದರೆ ಕೋಡ್ ಹೇಳುವುದು ಈ ಸಾಲಿನಲ್ಲಿ ಎಲ್ಲಿಗೆ ಬಂದು ಕೆಲಸ ನಿಂತಿತು ಅಂತ. ಯಾಕೆ ನಿಂತಿತು ಅನ್ನುವುದನ್ನು ನಾವೇ ಹುಡುಕಬೇಕು.

ಕೋಡ್ ಓದುವುದು

ಮೊದಲು ಗೀಸರ್ ಜೊತೆ ಬಂದ ಪುಸ್ತಕ ಹುಡುಕಿ. ಒಂದೊಂದು ಕಂಪನಿ ಒಂದೊಂದು ಥರ ನಂಬರ್ ಕೊಡುತ್ತದೆ. ಪುಸ್ತಕ ಕಳೆದಿದ್ದರೆ ಗೀಸರ್ ಪಕ್ಕದ ಚೀಟಿಯಲ್ಲಿರುವ ಮಾಡೆಲ್ ನಂಬರ್ ನೋಡಿ, ಆ ಕಂಪನಿಯ ವೆಬ್‌ಸೈಟಿನಲ್ಲಿ ತೆಗೆದುಕೊಳ್ಳಿ. ಹೆಚ್ಚಿನ ಮಾಡೆಲ್‌ಗಳಲ್ಲಿ ಇ-1 ಅಂದರೆ ಹೊತ್ತಿಕೊಳ್ಳಲಿಲ್ಲ ಅಥವಾ ಹೊತ್ತಿ ಆರಿತು. ಇ-2 ಅಂದರೆ ಉರಿ ಇರಬಾರದ ಹೊತ್ತಲ್ಲಿ ಉರಿ ಇರುವಂತೆ ಬೋರ್ಡಿಗೆ ಕಂಡಿತು. ಇ-3 ಸಾಮಾನ್ಯವಾಗಿ ಜಾಸ್ತಿ ಬಿಸಿಯಾಗಿದ್ದಕ್ಕೆ. ಇ-0 ಅಥವಾ ಇ-4 ನೀರಿನ ಬಿಸಿ ಅಳೆಯುವ ಸೆನ್ಸರ್‌ಗೆ ಸಂಬಂಧಿಸಿದ್ದು. ಫ್ಯಾನ್ ಇರುವ ಗೀಸರ್‌ಗಳಲ್ಲಿ ಇ-5 ಫ್ಯಾನಿನದು. ನಿಮ್ಮ ಪುಸ್ತಕ ಬೇರೆ ಹೇಳಿದರೆ ಪುಸ್ತಕದ್ದೇ ಸರಿ.

ಡಿಸ್‌ಪ್ಲೇ ಇಲ್ಲದ ಹಳೆ ಗೀಸರ್ ಇದ್ದವರು ಬೇಸರ ಮಾಡಿಕೊಳ್ಳಬೇಡಿ. ಕಿವಿಯೇ ಸಾಕು. ಸದ್ದೇ ಇಲ್ವಾ, ಟಿಕ್ ಟಿಕ್ ಇದೆ ಉರಿ ಇಲ್ವಾ, ಹೊತ್ತಿ ಆರುತ್ತಾ? ನಾನು ಡಿಸ್‌ಪ್ಲೇ ಇರುವ ಗೀಸರ್‌ನಲ್ಲೂ ಮೊದಲು ಇದನ್ನೇ ಕೇಳಿಸಿಕೊಳ್ಳುತ್ತೇನೆ.

ಸದ್ದೇ ಇಲ್ಲದಿದ್ದರೆ

ನಲ್ಲಿ ತಿರುಗಿಸಿದರೂ ಟಿಕ್ ಟಿಕ್ ಇಲ್ಲ ಅಂದರೆ ಹೆಚ್ಚಾಗಿ ಎರಡೇ ಕಾರಣ. ಒಂದೋ ಸೆಲ್ ಇಲ್ಲ, ಇಲ್ಲವೋ ನೀರಿನ ಒತ್ತಡ ಸಾಲುತ್ತಿಲ್ಲ.

ಸೆಲ್ ಮೊದಲು. ದಪ್ಪ ಟಾರ್ಚಿಗೆ ಹಾಕುತ್ತಿದ್ದ ದೊಡ್ಡ ಸೆಲ್‌ಗಳು, ಒಂದೊಂದು 1.5 ವೋಲ್ಟ್. ಎರಡನ್ನೂ ಒಟ್ಟಿಗೆ ಬದಲಾಯಿಸಿ. ಒಂದು ಹೊಸದು ಒಂದು ಹಳೆಯದು ಹಾಕಿದರೆ ಹೊಸದೂ ಬೇಗ ಹೋಗುತ್ತದೆ. ಸೆಲ್ ಡಬ್ಬಿಯ ತಗಡಿನ ಮೇಲೆ ಬಿಳಿ ಅಥವಾ ಹಸಿರು ಪುಡಿ ಕೂತಿದ್ದರೆ ಅದು ಸೆಲ್ ಸೋರಿದ್ದು. ಸ್ಯಾಂಡ್ ಪೇಪರ್‌ನಿಂದ ತಗಡು ಹೊಳೆಯುವವರೆಗೆ ಉಜ್ಜಿ, ಒಣ ಬಟ್ಟೆಯಲ್ಲಿ ಒರೆಸಿ. ಹೊಸ ಸೆಲ್ ಹಾಕಿದರೂ ಗೀಸರ್ ಸತ್ತಂತೆ ಇರುವುದು ಎಷ್ಟೋ ಸಲ ಈ ಪುಡಿಯಿಂದ.

ನೀರು ಎರಡನೆಯದು. ಬಿಸಿನೀರಿನ ನಲ್ಲಿ ಪೂರ್ತಿ ಬಿಟ್ಟು 10 ಲೀಟರ್ ಬಕೆಟ್ ಇಡಿ, ಮೊಬೈಲಿನಲ್ಲಿ ಹೊತ್ತು ನೋಡಿ. ತುಂಬಲು ನಾಲ್ಕು ನಿಮಿಷ ಹಿಡಿದರೆ ನಿಮಿಷಕ್ಕೆ ಎರಡೂವರೆ ಲೀಟರ್ ಬರುತ್ತಿದೆ ಅಂತ ಅರ್ಥ. ಹೆಚ್ಚಿನ ಗೀಸರ್‌ಗಳು ಅಷ್ಟರ ಆಸುಪಾಸಿನಲ್ಲೇ ತಡವರಿಸುತ್ತವೆ, ಅದಕ್ಕಿಂತ ಕಡಿಮೆ ಇದ್ದರೆ ಹೊತ್ತುವುದೇ ಕಷ್ಟ. ಹಾಗಾದರೆ ಗೀಸರ್‌ಗೆ ತಣ್ಣೀರು ಬರುವ ಪೈಪಿನ ನಟ್ ಬಿಚ್ಚಿ. ಮೊದಲು ಟ್ಯಾಂಕಿನ ವಾಲ್ವ್ ಮುಚ್ಚಿರಬೇಕು. ಒಳಗೆ ಬೆರಳ ತುದಿಯಷ್ಟು ಜಾಲರಿ ಇರುತ್ತದೆ. ಅದನ್ನು ತೆಗೆದು ಟೂತ್‌ಬ್ರಷ್‌ನಲ್ಲಿ ತೊಳೆಯಿರಿ.

ನಮ್ಮ ಊರಿನಲ್ಲಿ ಈ ಜಾಲರಿಯದ್ದೇ ದೊಡ್ಡ ಪಾಲು. ಕಾರ್ಪೊರೇಷನ್ ನೀರು ದಿನಾ ಬರುವುದಿಲ್ಲ. ನಾಲ್ಕೈದು ದಿನ ಬಿಟ್ಟು ಬಿಟ್ಟಾಗ ಮೊದಲು ಬರುವ ನೀರು ಕೆಂಪಗೆ ಇರುತ್ತದೆ. ಅದನ್ನೇ ಸಂಪಿಗೆ ಬಿಟ್ಟು ಟ್ಯಾಂಕಿಗೆ ಏರಿಸುತ್ತೇವೆ. ಹೋದ ವರ್ಷ ನಮ್ಮ ಜಾಲರಿ ಬಿಚ್ಚಿದಾಗ ಅದರಲ್ಲಿ ಜಾಲರಿಯೇ ಕಾಣಲಿಲ್ಲ. ಕಾಫಿ ಗಸಿಯಂಥ ಮಣ್ಣು, ಅದರ ಮೇಲೆ ಹಸಿರು ಪಾಚಿ, ಮಧ್ಯದಲ್ಲಿ ಪ್ಲಂಬರ್ ಸುತ್ತಿದ್ದ ಬಿಳಿ ಟೇಪಿನ ಎಳೆ. ತೊಳೆದು ಹಾಕಿದೆ, ಗೀಸರ್ ಮೊದಲ ಸಲಕ್ಕೇ ಹೊತ್ತಿತು. ಈಗ ಮೂರು ತಿಂಗಳಿಗೊಮ್ಮೆ ತೊಳೆಯುತ್ತೇನೆ.

ಜಾಲರಿ ಚೊಕ್ಕಟವಾಗಿದ್ದರೂ ನೀರು ಸಣ್ಣಗಿದ್ದರೆ ಶವರ್ ತಲೆ ಬಿಚ್ಚಿ ನೋಡಿ, ತೂತುಗಳಲ್ಲಿ ಸುಣ್ಣ ಕಟ್ಟಿರುತ್ತದೆ. ಆಮೇಲೆ ಟ್ಯಾಂಕಿನ ಎತ್ತರ. ನೀರು 10 ಮೀಟರ್ ಎತ್ತರದಿಂದ ಬಂದರೆ ಒಂದು ಬಾರ್ ಒತ್ತಡ. ಒಂದಂತಸ್ತಿನ ಮನೆಯಲ್ಲಿ ಟ್ಯಾಂಕ್ ತಾರಸಿ ಮೇಲೇ ಕೂತಿದ್ದರೆ ಗೀಸರ್‌ವರೆಗೆ ಎರಡು ಮೀಟರೂ ಇರುವುದಿಲ್ಲ. ಟ್ಯಾಂಕ್ ತುಂಬಿದ್ದಾಗ ಹೊತ್ತಿ, ಅರ್ಧ ಇಳಿದಾಗ ಕೈಕೊಡುವ ಗೀಸರ್‌ನ ಗುಟ್ಟು ಇದೇ. ಟ್ಯಾಂಕ್ ಕೆಳಗೆ ಕಲ್ಲು ಕಟ್ಟಿಸಿ ಎತ್ತರಿಸಿ, ಇಲ್ಲವೇ ಕಡಿಮೆ ಒತ್ತಡಕ್ಕೂ ಕೆಲಸ ಮಾಡುವ ಮಾಡೆಲ್ ಕೇಳಿ ತನ್ನಿ.

ಇನ್ನೊಂದು, ಬಿಸಿನೀರು ತಣ್ಣೀರು ಬೆರೆಸಿ ಕೊಡುವ ಮಿಕ್ಸರ್ ನಲ್ಲಿ. ಬಿಸಿ ಜಾಸ್ತಿಯಾಯಿತು ಅಂತ ತಣ್ಣೀರು ಬೆರೆಸುತ್ತಾ ಹೋದರೆ ಗೀಸರ್ ಮೂಲಕ ಹರಿಯುವ ನೀರು ಕಡಿಮೆಯಾಗಿ ಮೈಕ್ರೋಸ್ವಿಚ್ ಬಿಟ್ಟುಕೊಳ್ಳುತ್ತದೆ. ಮೈಗೆ ಸೋಪು ಹಚ್ಚಿದಾಗಲೇ ತಣ್ಣೀರು ಸುರಿಯುವುದು ಇದಕ್ಕೇ. ಗೀಸರ್‌ನ ಗ್ಯಾಸ್ ಗುಬ್ಬಿ ತಗ್ಗಿಸಿ, ನೀರು ಬೆರೆಸುವುದನ್ನು ಕಡಿಮೆ ಮಾಡಿ.

ನೀರು ಚೆನ್ನಾಗಿದೆ, ಸೆಲ್ ಹೊಸದು, ಆದರೂ ಸದ್ದಿಲ್ಲ. ಹಿತ್ತಾಳೆ ಡಬ್ಬಿಯ ಕೆಳಗಿನಿಂದ ಹನಿ ಹನಿ ನೀರು ತೊಟ್ಟಿಕ್ಕುತ್ತಿದೆ. ಹಾಗಿದ್ದರೆ ಡಯಾಫ್ರಾಮ್ ಹರಿದಿದೆ, ಅಥವಾ ಪಿನ್ನಿನ ರಬ್ಬರ್ ಸವೆದಿದೆ. ಇದು ಮೆಕ್ಯಾನಿಕ್ ಕೆಲಸ. ನಾವು ಬದಲಾಯಿಸಿದ ಎರಡು ಪಾರ್ಟ್‌ಗಳಲ್ಲಿ ಇದೊಂದು.

ಟಿಕ್ ಟಿಕ್ ಇದೆ, ಉರಿ ಇಲ್ಲ

ಸಿಲಿಂಡರ್ ಈಗತಾನೇ ಬದಲಾಯಿಸಿದ್ದರೆ ಟ್ಯೂಬಿನಲ್ಲಿ ಗಾಳಿ ಇರುತ್ತದೆ. ನಲ್ಲಿ ಮುಚ್ಚಿ, ಒಂದು ನಿಮಿಷ ಬಿಟ್ಟು ಮತ್ತೆ ತೆಗೆಯಿರಿ. ಹೀಗೆ ಮೂರ್ನಾಲ್ಕು ಸಲ. ಮಧ್ಯೆ ಆ ಒಂದು ನಿಮಿಷ ಬಿಡಲೇಬೇಕು. ಉರಿಯದೆ ಹೊರಬಂದ ಗ್ಯಾಸ್ ಹರಡಿ ಹೋಗಲಿ. ಬೇಗ ಬೇಗ ತಿರುಗಿಸಿದರೆ ಒಳಗೆ ಗ್ಯಾಸ್ ತುಂಬಿಕೊಂಡು ಒಮ್ಮೆಲೇ ಧಡ್ ಅಂತ ಹೊತ್ತಿಕೊಳ್ಳುತ್ತದೆ. ಹುಬ್ಬು ಸುಟ್ಟುಕೊಂಡವರನ್ನು ನೋಡಿದ್ದೇನೆ.

ಸಿಲಿಂಡರ್ ಹಳೆಯದಾದರೆ ಅಡಿಗೆ ಒಲೆ ಹೊತ್ತಿತು ಅಂತ ಗ್ಯಾಸ್ ಸಾಕಷ್ಟಿದೆ ಅಂದುಕೊಳ್ಳಬೇಡಿ, ಒಲೆಗೆ ಬಹಳ ಕಡಿಮೆ ಗ್ಯಾಸ್ ಸಾಕು. ಗೀಸರ್ ಹೊಟ್ಟೆ ದೊಡ್ಡದು. ನಿಮಿಷಕ್ಕೆ ಆರು ಲೀಟರ್ ಕಾಯಿಸುವ ಗೀಸರ್ ಪೂರ್ತಿ ಉರಿದರೆ ಗಂಟೆಗೆ ಹತ್ತಿರ ಹತ್ತಿರ ಒಂದು ಕೆಜಿ ಎಲ್‌ಪಿಜಿ ಬೇಕು. ಅಂದರೆ 14.2 ಕೆಜಿ ಸಿಲಿಂಡರ್ ಹದಿನೈದು ಗಂಟೆಯ ಉರಿಗೆ ಸರಿ. ಸಿಲಿಂಡರ್ ತಳ ಕಂಡಾಗ, ಅದರಲ್ಲೂ ಡಿಸೆಂಬರಿನ ಬೆಳಗ್ಗೆ, ದ್ರವ ಆವಿಯಾಗುವ ವೇಗ ತಗ್ಗುತ್ತದೆ. ಒಲೆ ಉರಿಯುತ್ತದೆ, ಗೀಸರ್ ಇ-1 ಅನ್ನುತ್ತದೆ. ಆಗ ಕೆಲವರು ಸಿಲಿಂಡರನ್ನು ಅಡ್ಡ ಮಲಗಿಸುತ್ತಾರೆ, ಬಿಸಿನೀರಲ್ಲಿ ಇಡುತ್ತಾರೆ. ದಯವಿಟ್ಟು ಮಾಡಬೇಡಿ. ಅಡ್ಡ ಮಲಗಿಸಿದರೆ ಗ್ಯಾಸ್ ದ್ರವವಾಗಿಯೇ ರೆಗ್ಯುಲೇಟರ್‌ಗೆ ನುಗ್ಗುತ್ತದೆ, ಉರಿ ಆಳೆತ್ತರ ಏಳಬಹುದು. ಹೋಟೆಲಿಗೆ ಬಳಸುವ ಹೈ ಪ್ರೆಶರ್ ರೆಗ್ಯುಲೇಟರ್ ಹಾಕುವುದೂ ಅಷ್ಟೇ ಅಪಾಯ. ಮನೆಯ ರೆಗ್ಯುಲೇಟರ್ ಕೊಡುವ 30 ಮಿಲಿಬಾರ್ ಒತ್ತಡಕ್ಕೆಂದೇ ಗೀಸರ್ ಮಾಡಿರುತ್ತಾರೆ.

ಗ್ಯಾಸ್ ಸರಿ ಇದ್ದರೆ ಮತ್ತೆ ಸೆಲ್ ಕಡೆ ಬನ್ನಿ. ಇದು ಬಹಳ ಜನರನ್ನು ದಾರಿ ತಪ್ಪಿಸುತ್ತದೆ. ಕಿಡಿ ಹಾರಲು ಬೇಕಾದಷ್ಟು ಶಕ್ತಿ ಸೆಲ್‌ನಲ್ಲಿ ಉಳಿದಿರುತ್ತದೆ, ಸೊಲೆನಾಯ್ಡ್ ಎಳೆಯಲು ಸಾಲುವುದಿಲ್ಲ. ಟಿಕ್ ಟಿಕ್ ಇದೆಯಲ್ಲ, ಸೆಲ್ ಚೆನ್ನಾಗಿದೆ ಅಂದುಕೊಳ್ಳುತ್ತೇವೆ. ಸದ್ದು ನಿಧಾನವಾಗಿದ್ದರೆ, ಟಿಕ್... ಟಿಕ್... ಅಂತ ಎಳೆದಂತೆ ಬಂದರೆ, ಬೇರೇನೂ ಯೋಚಿಸದೆ ಸೆಲ್ ಬದಲಾಯಿಸಿ.

ಕೊನೆಗೆ ಕಿಡಿ ಕಡ್ಡಿ. ಕವರ್ ತೆಗೆದು ನೋಡಿದರೆ ಕಡ್ಡಿಯ ತುದಿಗೂ ಬರ್ನರ್‌ಗೂ ನಡುವೆ ಮೂರರಿಂದ ಐದು ಮಿಲಿಮೀಟರ್ ಅಂತರ ಇರಬೇಕು. ಬಗ್ಗಿದ್ದರೆ ಕಿಡಿ ಬೇರೆ ಕಡೆ ಹಾರುತ್ತದೆ. ಪಿಂಗಾಣಿ ಸೀಳಿದ್ದರೂ ಅಷ್ಟೇ. ಜೇಡರ ಬಲೆ ಇದ್ದರೆ ಬ್ರಷ್‌ನಿಂದ ತೆಗೆಯಿರಿ. ಗ್ಯಾಸ್ ಹೊರಬರುವ ಸಣ್ಣ ತೂತಿನ ಜೆಟ್‌ಗಳಿಗೆ ಸೂಜಿ ಹಾಕಬೇಡಿ. ತೂತು ಕೂದಲಷ್ಟು ದೊಡ್ಡದಾದರೂ ಗ್ಯಾಸ್ ಜಾಸ್ತಿ ಬಂದು ಉರಿ ಹಳದಿಯಾಗುತ್ತದೆ.

ಪೈಪ್ ಗ್ಯಾಸ್ ಹಾಕಿಸಿಕೊಂಡವರಿಗೆ ಒಂದು ಮಾತು. ಎಲ್‌ಪಿಜಿ ಗೀಸರ್‌ನ ಜೆಟ್ ಚಿಕ್ಕದು, ಪೈಪ್ ಗ್ಯಾಸಿಗೆ ದೊಡ್ಡದು ಬೇಕು, ಒತ್ತಡವೂ ಬೇರೆ. ಹಾಗೇ ಜೋಡಿಸಿದರೆ ಇ-1 ಬರುತ್ತಲೇ ಇರುತ್ತದೆ. ಕಂಪನಿಯವರಿಂದಲೇ ಬದಲಾಯಿಸಿಕೊಳ್ಳಿ.

ಹೊತ್ತಿ, ಮೂರು ಸೆಕೆಂಡಿಗೆ ಆರಿದರೆ

ಇದು ಸೆನ್ಸರ್ ಕಡ್ಡಿಯ ಕೆಲಸ. ಉರಿ ಇದೆ, ಬೋರ್ಡಿಗೆ ಕಾಣುತ್ತಿಲ್ಲ. ಕಡ್ಡಿಯ ಮೇಲೆ ಮಸಿ ಅಥವಾ ಬೂದಿಬಣ್ಣದ ಪದರ ಕೂತರೆ ಆ ಸಣ್ಣ ಕರೆಂಟ್ ಹರಿಯುವುದಿಲ್ಲ. ಸ್ಯಾಂಡ್ ಪೇಪರ್ ಮಡಿಸಿ, ಕಡ್ಡಿಯನ್ನು ಎರಡು ಬೆರಳಲ್ಲಿ ಹಿಡಿದಂತೆ ಹಿಡಿದು, ಮೇಲಿಂದ ಕೆಳಗೆ ನಾಲ್ಕೈದು ಸಲ ಮೆಲ್ಲಗೆ ಎಳೆಯಿರಿ. ಒಣ ಬಟ್ಟೆಯಲ್ಲಿ ಒರೆಸಿ. ಪಿಂಗಾಣಿಗೆ ಒತ್ತಡ ಬೀಳದಿರಲಿ, ಅದು ಪಟ್ ಅಂತ ಮುರಿಯುತ್ತದೆ. ಕಡ್ಡಿಗೆ ಬರುವ ವೈರ್ ಸಡಿಲವಾಗಿದ್ದರೆ ಒತ್ತಿ ಕೂರಿಸಿ.

ಕಡ್ಡಿ ಹೊಳೆಯುತ್ತಿದೆ, ಆದರೂ ಆರುತ್ತದೆ ಅಂದರೆ ಗಾಳಿ ನೋಡಿ. ಹೋದ ಆಷಾಢದಲ್ಲಿ ಚಿತ್ರದುರ್ಗದಿಂದ ಅಕ್ಕನ ಫೋನು.

“ಲೇ, ಮತ್ತೆ ಇ-1 ಬಂತು ಕಣೇ. ಸೆಲ್ ಹೊಸದು, ಸಿಲಿಂಡರ್ ಹೊಸದು. ಮೆಕ್ಯಾನಿಕ್ ಬಂದಾಗ ಚೆನ್ನಾಗೇ ಉರಿಯುತ್ತೆ. ಅವನು ಹೋದ ಮೇಲೆ ಆರುತ್ತೆ.”

“ಅವನು ಎಷ್ಟು ಹೊತ್ತಿಗೆ ಬರ್ತಾನೆ ಅಕ್ಕ?”

“ಬೆಳಗ್ಗೆ ಏಳಕ್ಕೆಲ್ಲ ಬಂದು ಹೋಗ್ತಾನೆ. ನಾವು ಸ್ನಾನ ಮಾಡೋದು ಸಂಜೆ, ಕೆಲಸದಿಂದ ಬಂದ ಮೇಲೆ.”

ದುರ್ಗದ ಆಷಾಢದ ಗಾಳಿ ಗೊತ್ತಲ್ಲ. ಸುತ್ತಲಿನ ಗುಡ್ಡಗಳ ಮೇಲೆ ಸುಮ್ನೆ ಗಾಳಿಯಂತ್ರ ನಿಲ್ಲಿಸಿಲ್ಲ. ಶನಿವಾರ ಹೋದೆ. ಅಕ್ಕನ ಗೀಸರ್ ಇರುವುದು ಹಿತ್ತಿಲಿನ ಗ್ರಿಲ್ ಜಾಗದಲ್ಲಿ, ಗ್ರಿಲ್‌ಗೆ ನೇರ ಎದುರಿನ ಗೋಡೆಯ ಮೇಲೆ. ಸಂಜೆ ಆರೂವರೆಗೆ ಲೈಟ್ ಆರಿಸಿ, ಗೀಸರ್‌ನ ಪುಟ್ಟ ಕಿಂಡಿಗೆ ಕಣ್ಣಿಟ್ಟು ನಿಂತೆ. ಅಕ್ಕ ನಲ್ಲಿ ತಿರುಗಿಸಿದಳು. ನೀಲಿ ಉರಿ ಸಾಲಾಗಿ ಎದ್ದಿತು. ಗ್ರಿಲ್ ಮೂಲಕ ಒಂದು ಬೀಸು ಬಂತು. ಹಲ್ಲುಗಳ ಹಾಗೆ ನಿಂತಿದ್ದ ಉರಿಯೆಲ್ಲ ಒಮ್ಮೆಗೇ ಎಡಕ್ಕೆ ವಾಲಿತು. ಬಲಗಡೆಯ ಸೆನ್ಸರ್ ಕಡ್ಡಿ ಬರಿದಾಗಿ ನಿಂತಿತ್ತು. ಒಂದು, ಎರಡು, ಮೂರು ಎಣಿಸುವಷ್ಟರಲ್ಲಿ ಟಕ್ ಅಂತ ವಾಲ್ವ್ ಬಿತ್ತು. ಇ-1.

ಭಾವ ಆಗಲೇ ಗ್ರಿಲ್‌ಗೆ ಹೊಡೆಯಲು ಪ್ಲೈವುಡ್ ತಂದಿಟ್ಟಿದ್ದರು. ಬೇಡ ಅಂದೆ. ಗ್ರಿಲ್ ಮುಚ್ಚಿದರೆ ಗಾಳಿ ನಿಲ್ಲುತ್ತದೆ, ಜೊತೆಗೆ ಹೊಗೆ ಹೊರಹೋಗುವ ದಾರಿಯೂ ನಿಲ್ಲುತ್ತದೆ. ಆ ಜಾಗಕ್ಕೆ ಅಡಿಗೆಮನೆಯ ಬಾಗಿಲು ತೆರೆದುಕೊಂಡಿದೆ, ಹೊಗೆ ಸೀದಾ ಮನೆಯೊಳಗೆ ಬರುತ್ತಿತ್ತು. ಗೀಸರನ್ನು ಪಕ್ಕದ ಗೋಡೆಗೆ, ಮೂರು ಅಡಿ ಆಚೆಗೆ ಹಾಕಿಸಿದೆವು. ಅಲ್ಲಿಗೆ ಗಾಳಿ ನೇರ ಹೊಡೆಯುವುದಿಲ್ಲ. ಪ್ಲಂಬರ್ ಒಂದು ದಿನದ ಕೆಲಸ. ಆ ಆಷಾಢ, ಶ್ರಾವಣ ಎರಡೂ ಕಳೆಯಿತು, ಅಕ್ಕನ ಫೋನ್ ಬರಲಿಲ್ಲ.

ಇ-2: ಇಲ್ಲಿ ತಡ ಮಾಡಬೇಡಿ

ಮಳೆಗಾಲದಲ್ಲಿ ಪಿಂಗಾಣಿ ಮೇಲೆ ತೇವ ಕೂತರೂ ಇ-2 ಬರಬಹುದು. ಒಣಗಿಸಿದರೆ ಹೋಗುತ್ತದೆ. ಆದರೆ ನಲ್ಲಿ ಮುಚ್ಚಿದ ಮೇಲೂ ಕಿಂಡಿಯಲ್ಲಿ ಉರಿ ಕಂಡರೆ ಗ್ಯಾಸ್ ವಾಲ್ವ್ ಮುಚ್ಚುತ್ತಿಲ್ಲ ಅಂತ ಅರ್ಥ. ರೆಗ್ಯುಲೇಟರ್ ಆಫ್ ಮಾಡಿ. ರಿಪೇರಿ ಆಗುವವರೆಗೆ ಮತ್ತೆ ಹಚ್ಚಬೇಡಿ.

ಇ-3: ಜಾಸ್ತಿ ಬಿಸಿ, ಮತ್ತು ನಮ್ಮ ಮಾವನವರ ಕೈ

ತಾಮ್ರದ ಪೈಪಿಗೆ ಅಂಟಿಕೊಂಡಂತೆ ಗುಂಡಗಿನ ಒಂದು ಚಿಕ್ಕ ಸ್ವಿಚ್ ಇರುತ್ತದೆ, ಎರಡು ವೈರ್ ಅದಕ್ಕೆ. ನೀರು ಮಿತಿ ಮೀರಿ ಬಿಸಿಯಾದರೆ ಅದು ಕರೆಂಟ್ ಕಡಿದು ಗೀಸರ್ ಆರಿಸುತ್ತದೆ. ತಣ್ಣಗಾದ ಮೇಲೆ ತಾನೇ ಸರಿಹೋಗುತ್ತದೆ.

ನಾಲ್ಕು ವರ್ಷದ ಹಿಂದೆ, ಏಪ್ರಿಲ್‌ನಲ್ಲಿ, ನಮ್ಮದಕ್ಕೆ ಇ-3 ಪದೇ ಪದೇ ಬರತೊಡಗಿತು. ರಿಪೇರಿಗೆ ಬಂದವರು ಹತ್ತೇ ನಿಮಿಷದಲ್ಲಿ ಕವರ್ ಮುಚ್ಚಿದರು. “ಸೆನ್ಸರ್ ಹೋಗಿತ್ತು ಮೇಡಂ, ಇನ್ಮೇಲೆ ತೊಂದ್ರೆ ಇಲ್ಲ” ಅಂದು 300 ರೂಪಾಯಿ ತೆಗೆದುಕೊಂಡರು. ನಿಜಕ್ಕೂ ಇ-3 ಬರಲಿಲ್ಲ. ಎರಡು ವಾರ ಕಳೆದ ಮೇಲೆ ಮಾವ ಸ್ನಾನಕ್ಕೆ ಹೋದಾಗ ಟ್ಯಾಂಕ್ ತಳ ಕಂಡಿತ್ತು, ನೀರು ಸಣ್ಣಗೆ ಬರುತ್ತಿತ್ತು. ಹ್ಯಾಂಡ್ ಶವರ್ ಕೈಗೆತ್ತಿಕೊಂಡರು. ಮೊದಲು ಬುಸ್ ಅಂತ ಹಬೆ, ಹಿಂದೆಯೇ ಕುದಿನೀರು. ಮುಂಗೈಯಿಂದ ಮೊಣಕೈವರೆಗೆ ಬೊಬ್ಬೆ ಎದ್ದಿತು. ಹನ್ನೆರಡು ದಿನ ಬ್ಯಾಂಡೇಜ್. ಸಂಜೆ ಕವರ್ ತೆಗೆದೆ. ಆ ಗುಂಡನೆ ಸ್ವಿಚ್ಚಿನ ಎರಡೂ ವೈರ್ ಕಿತ್ತು, ಒಂದಕ್ಕೊಂದು ತಿರುಚಿ, ಕಪ್ಪು ಟೇಪ್ ಸುತ್ತಿತ್ತು.

ಲೆಕ್ಕ ಹಾಕಿ ನೋಡಿ. ನಿಮಿಷಕ್ಕೆ ಆರು ಲೀಟರ್ ಹರಿಯುವಾಗ ನೀರನ್ನು 25 ಡಿಗ್ರಿ ಏರಿಸುವ ಉರಿ, ನೀರು ಮೂರು ಲೀಟರ್‌ಗೆ ಇಳಿದರೆ 50 ಡಿಗ್ರಿ ಏರಿಸುತ್ತದೆ. ದಾವಣಗೆರೆಯ ಏಪ್ರಿಲ್‌ನಲ್ಲಿ ಕಪ್ಪು ಸಿಂಟೆಕ್ಸ್‌ನ ನೀರೇ 35 ಡಿಗ್ರಿ ಇರುತ್ತದೆ. ಕೂಡಿದರೆ 85. ಆ ಸ್ವಿಚ್ ಇದ್ದಿದ್ದರೆ ಗೀಸರ್ ಆರುತ್ತಿತ್ತು, ಮಾವ ತಣ್ಣೀರು ಸ್ನಾನ ಮಾಡಿ ಬರುತ್ತಿದ್ದರು. ಅದಕ್ಕೇ ಹೇಳುತ್ತೇನೆ, ರಿಪೇರಿಯವರು ಹೋಗುವ ಮುಂಚೆ ಕವರ್ ತೆಗೆಸಿ ನೋಡಿ. ಟೇಪ್ ಸುತ್ತಿದ ವೈರ್ ಕಂಡರೆ ಒಪ್ಪಬೇಡಿ. ಹೊಸ ಸ್ವಿಚ್ಚಿನ ಬೆಲೆ ದೊಡ್ಡದಲ್ಲ. ನಾವು ಬದಲಾಯಿಸಿದ ಎರಡನೇ ಪಾರ್ಟ್ ಅದೇ.

ಇ-3 ಬಂದಾಗ ನೋಡಬೇಕಾದದ್ದು ಹೀಗೆ. ಗೀಸರ್ ಮೇಲೆ ಬೇಸಿಗೆ, ಚಳಿಗಾಲದ ಗುಬ್ಬಿ ಇದ್ದರೆ ಫೆಬ್ರವರಿ ಮುಗಿಯುತ್ತಲೇ ಬೇಸಿಗೆಗೆ ತಿರುಗಿಸಿ, ಬರ್ನರ್‌ನ ಕೆಲವು ಸಾಲು ಮಾತ್ರ ಉರಿಯುತ್ತವೆ. ಜಾಲರಿ, ಶವರ್ ತೊಳೆಯಿರಿ. ಅಷ್ಟಾದರೂ ಬಂದರೆ, ಮತ್ತು ಉರಿಯುವಾಗ ಒಳಗೆ ಗುಡುಗುಡು ಅಂತ ಕುದಿಯುವ ಸದ್ದು ಇದ್ದರೆ, ತಾಮ್ರದ ಪೈಪಿನೊಳಗೆ ಸುಣ್ಣ ಕಟ್ಟಿದೆ.

ಬೋರ್ ನೀರು ಬಳಸುವ ಮನೆಗಳಲ್ಲಿ ಇದು ಬರದೇ ಇರುವುದಿಲ್ಲ. ಕುಡಿಯುವ ನೀರಿನ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 600ರವರೆಗೆ ಒಪ್ಪಬಹುದು ಅಂತ ಭಾರತೀಯ ಮಾನಕ ಹೇಳುತ್ತದೆ. ತುಂಗಭದ್ರೆಯ ನೀರು, ಭದ್ರಾ ನಾಲೆಯ ನೀರು ಮೆದು. ಬೋರ್ ನೀರು ಹಾಗಲ್ಲ. ಕಾಯಿಸಿದಾಗ ಅದರಲ್ಲಿ ಕರಗಿದ್ದ ಸುಣ್ಣ ಬಿಡಿಸಿಕೊಂಡು ಬಿಸಿ ಜಾಗಕ್ಕೇ ಅಂಟುತ್ತದೆ. ಬಚ್ಚಲ ಹಂಡೆಯ ತಳದಲ್ಲಿ ಬಿಳಿ ಹಕ್ಕಳೆ ಕಟ್ಟುತ್ತಿತ್ತಲ್ಲ, ಅದೇ. ನೀರು ತುಂಬುವ ಹಬ್ಬಕ್ಕೆ ನಮ್ಮಜ್ಜಿ ಹುಣಸೆಹಣ್ಣು ಹಾಕಿ ಹಂಡೆ ತಿಕ್ಕುತ್ತಿದ್ದರು. ಹುಳಿ ಸುಣ್ಣವನ್ನು ಕರಗಿಸುತ್ತದೆ. ಗೀಸರ್‌ಗೂ ಅದೇ ಮದ್ದು.

ವಾರಂಟಿ ಇದ್ದರೆ ಕಂಪನಿಯವರಿಂದ ಮಾಡಿಸಿ. ಇಲ್ಲದಿದ್ದರೆ ಹೀಗೆ: ಗ್ಯಾಸ್, ನೀರು ಎರಡೂ ಮುಚ್ಚಿ, ಸೆಲ್ ತೆಗೆದು, ಗೀಸರ್ ಒಳಗಿನ ನೀರು ಬಸಿದು ಹೋಗಲು ಬಿಡಿ. ಒಂದು ಲೀಟರ್ ಉಗುರುಬೆಚ್ಚಗಿನ ನೀರಿಗೆ 50 ಗ್ರಾಂ ಸಿಟ್ರಿಕ್ ಆಸಿಡ್ ಕರಗಿಸಿ. ಕಿರಾಣಿ ಅಂಗಡಿಯಲ್ಲಿ ನಿಂಬೆ ಉಪ್ಪು ಅಂತ ಕೇಳಿದರೆ ಸಿಗುತ್ತದೆ. ತಣ್ಣೀರು ಬರುವ ಬಾಯಿಗೆ ಮುಚ್ಚಳ ಹಾಕಿ. ಬಿಸಿನೀರು ಹೋಗುವ ಬಾಯಿಗೆ ಒಂದು ಟ್ಯೂಬ್ ಜೋಡಿಸಿ, ಅದನ್ನು ಗೀಸರ್‌ಗಿಂತ ಎತ್ತರಕ್ಕೆ ಹಿಡಿದು, ಆಲಿಕೆಯಿಂದ ಸ್ವಲ್ಪ ಸ್ವಲ್ಪವೇ ಸುರಿಯಿರಿ. ಮಧ್ಯೆ ಮಧ್ಯೆ ಗಾಳಿ ಹೊರಬರಲು ಬಿಡಿ. ಸುಣ್ಣ ಇದ್ದರೆ ಬುಳುಬುಳು ಅಂತ ಗುಳ್ಳೆ ಏಳುತ್ತದೆ. ಮುಕ್ಕಾಲು ಗಂಟೆ ಬಿಟ್ಟು ಬಸಿಯಿರಿ. ಬರುವ ನೀರು ಹಾಲಿನಂತೆ ಬೆಳ್ಳಗಿದ್ದರೆ ಇನ್ನೊಂದು ಸಲ ಮಾಡಿ. ಆಮೇಲೆ ಪೈಪ್ ಜೋಡಿಸಿ, ಗ್ಯಾಸ್ ಹಚ್ಚದೆಯೇ ಐದಾರು ಬಕೆಟ್ ನೀರು ಹರಿಸಿ ತೊಳೆಯಿರಿ. ಟಾಯ್ಲೆಟ್ ತೊಳೆಯುವ ಆಸಿಡ್ ಮಾತ್ರ ಹಾಕಬೇಡಿ, ಸುಣ್ಣದ ಜೊತೆ ಪೈಪನ್ನೂ ತಿನ್ನುತ್ತದೆ.

ಉಳಿದ ಕೋಡ್‌ಗಳು

ನೀರಿನ ಬಿಸಿ ಅಳೆಯುವ ಸೆನ್ಸರ್‌ನದು ಬಂದರೆ ಅದರ ಚಿಕ್ಕ ಪ್ಲಗ್ ತೆಗೆದು ಮತ್ತೆ ಒತ್ತಿ ಹಾಕಿ. ಹೋಗದಿದ್ದರೆ ಸೆನ್ಸರ್ ಬದಲಾಯಿಸಬೇಕು. ಫ್ಯಾನ್ ಕೋಡ್ ಬಂದರೆ ಹೊಗೆ ಪೈಪಿನಲ್ಲಿ ಹಕ್ಕಿ ಗೂಡು ಕಟ್ಟಿದೆಯೇ ನೋಡಿ, ಬೇರೇನೂ ಮುಟ್ಟಬೇಡಿ. ಇಪ್ಪತ್ತು ನಿಮಿಷ ಉರಿದು ತಾನೇ ಆರಿದರೆ ಅದು ಕೆಟ್ಟದ್ದಲ್ಲ. ಬಹಳ ಗೀಸರ್‌ಗಳಲ್ಲಿ ಅಷ್ಟು ಹೊತ್ತಿಗೆ ಆರುವಂತೆ ಟೈಮರ್ ಇಟ್ಟಿರುತ್ತಾರೆ. ನಲ್ಲಿ ಮುಚ್ಚಿ ತೆಗೆದರೆ ಮತ್ತೆ ಹೊತ್ತುತ್ತದೆ.

ಯಾವ ಕೋಡೂ ತೋರಿಸದ ದೋಷ ಒಂದಿದೆ, ಉರಿಯ ಬಣ್ಣ. ಉರಿ ನೀಲಿ ಇರಬೇಕು. ಹಳದಿಯಾಗಿ ನಾಲಿಗೆ ಚಾಚಿದರೆ, ಗೀಸರ್ ಮೇಲ್ಭಾಗದಲ್ಲಿ ಮಸಿ ಕಂಡರೆ, ಬರ್ನರ್‌ಗೆ ಗಾಳಿ ಸಾಲುತ್ತಿಲ್ಲ, ವಿಷಗಾಳಿ ಬರುತ್ತಿರಬಹುದು. ಡಿಸ್‌ಪ್ಲೇ 42 ಡಿಗ್ರಿ ಅಂತ ಚೆಂದವಾಗಿಯೇ ತೋರಿಸುತ್ತಿರುತ್ತದೆ. ಅದನ್ನು ನಂಬಬೇಡಿ. ಬರ್ನರ್ ಸರ್ವಿಸ್ ಮಾಡಿಸುವವರೆಗೆ ಒಲೆಯ ಮೇಲೆ ನೀರು ಕಾಯಿಸಿಕೊಳ್ಳಿ.

ಎಲ್ಲ ಜೋಡಿಸಿದ ಮೇಲೆ

ರೆಗ್ಯುಲೇಟರ್ ಹಾಕಿ, ನಲ್ಲಿ ತೆಗೆಯುವ ಮೊದಲು, ಗ್ಯಾಸ್ ಟ್ಯೂಬಿನ ಎರಡೂ ತುದಿಗೆ ಸೋಪಿನ ನೀರು ಹಚ್ಚಿ ಅರ್ಧ ನಿಮಿಷ ನೋಡಿ. ಗುಳ್ಳೆ ಬಂದರೆ ಸೋರುತ್ತಿದೆ. ಬೆಂಕಿಕಡ್ಡಿ ಹಿಡಿದು ನೋಡುವ ಅಭ್ಯಾಸ ಇನ್ನೂ ಕೆಲವರಿಗಿದೆ, ಬೇಡವೇ ಬೇಡ. ಕಿತ್ತಳೆ ಬಣ್ಣದ ಸುರಕ್ಷಾ ಟ್ಯೂಬ್ ಐದು ವರ್ಷಕ್ಕೊಮ್ಮೆ ಬದಲಾಗಬೇಕು, ಮೇಲೆ ವರ್ಷ ಅಚ್ಚು ಹಾಕಿರುತ್ತದೆ.

ಮೆಕ್ಯಾನಿಕ್ ಕರೆಯಲೇಬೇಕಾದರೆ ಫೋನಿನಲ್ಲಿ “ಗೀಸರ್ ಕೆಟ್ಟಿದೆ” ಅಂತ ಮಾತ್ರ ಹೇಳಬೇಡಿ. ಮಾಡೆಲ್, ಕೋಡ್, ಸದ್ದು ಬರುತ್ತದೋ ಇಲ್ಲವೋ, ಎಷ್ಟು ಸೆಕೆಂಡಿಗೆ ಆರುತ್ತದೆ, ಸೆಲ್ ಯಾವಾಗ ಹಾಕಿದ್ದು ಇಷ್ಟು ಹೇಳಿ. ಸರಿಯಾದ ಪಾರ್ಟ್ ತೆಗೆದುಕೊಂಡೇ ಬರುತ್ತಾರೆ. ನಮ್ಮ ಗೀಸರ್ ಪಕ್ಕದ ಗೋಡೆಗೆ ಒಂದು ಹಳೆ ಕ್ಯಾಲೆಂಡರ್ ಹಾಳೆ ಅಂಟಿಸಿದ್ದೇನೆ. ಸೆಲ್ ಹಾಕಿದ ದಿನ, ಜಾಲರಿ ತೊಳೆದ ದಿನ, ಟ್ಯೂಬಿನ ವರ್ಷ, ಬಂದ ಕೋಡ್, ಎಲ್ಲ ಅದರಲ್ಲಿದೆ. ಈಗ ಮಾವನೇ ಕನ್ನಡಕ ಹಾಕಿಕೊಂಡು ಬರೆಯುತ್ತಾರೆ.